ಪಾಂಟೂನ್ ದೋಣಿಗೆ ಫಿನ್: ಉದ್ದದ್ದು ತಗೊಳ್ಳೋದೋ, ಗಿಡ್ಡದ್ದೋ?

ಹಿನ್ನೀರು ಕೊಪ್ಪಳ

ಎಲ್ಲಾರಿಗೂ ನಮಸ್ಕಾರ್ರಿ. ಒಬ್ಬರ ಕುಂದ್ರೋ ಪಾಂಟೂನ್ ದೋಣಿ ಐತಿ, 8 ಅಡಿದು. ಎರಡು ಗಾಳಿ ಟ್ಯೂಬು, ನಡುವ ಕಬ್ಬಿಣದ ಫ್ರೇಮು, ಅದರ ಮ್ಯಾಲ ಸೀಟು, ಎರಡೂ ಬಾಜೂಕ ಹುಟ್ಟು. ಹುಟ್ಟು ಹಾಕಿದ್ರ ಗಾಳ ಹಿಡಿಯಾಕ ಕೈ ಉಳಿಯಂಗಿಲ್ಲ. ಗಾಳ ಹಿಡಿದ್ರ ದೋಣಿ ಗಾಳಿ ತಳ್ಳಿದ ಕಡೆ ಹೋಗತೈತಿ. ಅದಕ್ಕ ಕಾಲಿಗೆ ಫಿನ್ (ಬಾತುಕೋಳಿ ಪಾದದಂಗ ಅಗಲ ಇರೋ ಈಜುಪಾದ) ಹಾಕ್ಕೊಂಡು ದೋಣಿ ಹಿಡಿದು ನಿಲ್ಲಸ್ಬೇಕಂತ ವಿಚಾರ ಐತಿ.

ಜಾಗ ತುಂಗಭದ್ರಾ ಹಿನ್ನೀರು, ಮುನಿರಾಬಾದ್ ಕಡೆ ದಂಡಿ. ಮೀನು ಹೆಚ್ಚಾಗಿ ಜಿಲೇಬಿ, ಕೊರಮೀನು, ಒಮ್ಮೊಮ್ಮೆ ಕಟ್ಲಾ. ತುಂಗಭದ್ರಾ ಮಂಡಳಿ ಕಚೇರಿಯೊಳಗ, ಮೀನಿನ ಗುತ್ತಿಗೆದಾರರ ಹತ್ರ ಕೇಳಿನ ಇಳಿಯೋದು, ಅದರ ಬಗ್ಗೆ ಪ್ರಶ್ನೆ ಇಲ್ಲ.

ಕೇಳಬೇಕಾಗಿದ್ದು ಮೂರು. ಆನ್‌ಲೈನ್‌ನ್ಯಾಗ ಸ್ಕೂಬಾದವರು (ನೀರಾಗ ಮುಳುಗಿ ಈಜೋರು) ಹಾಕೋ ಎರಡು ಅಡಿ ಉದ್ದದ ಫಿನ್ ಸುಲಭ ಸಿಗತಾವ, ಮೀನುಗಾರಿಕೆಗಂತನ ಮಾಡಿದ ಗಿಡ್ಡ ಫಿನ್ ಹುಡುಕಬೇಕು. ಉದ್ದ ಇದ್ದಷ್ಟು ಜೋರು ಅಂತಾರ, ಖರೇನಾ? ಎರಡನೇದು, ಅಳತಿ ಬರಿಗಾಲಿಗೆ ನೋಡಬೇಕೋ ಬೂಟು ಹಾಕ್ಕೊಂಡು ನೋಡಬೇಕೋ? ಮೂರನೇದು, ಗಾಳಿ ಎದ್ರ ಬರೀ ಫಿನ್‌ನಿಂದ ದಂಡಿಗೆ ವಾಪಸ್ ಬರಾಕ ಆಗತೈತೇನು? ಬಲಗಡೆ ಮೊಣಕಾಲು ಸ್ವಲ್ಪ ನೋವು ಐತಿ, ಅದನ್ನೂ ಲೆಕ್ಕಕ್ಕ ಹಿಡೀರಿ.

ಗಾಳದಾರ ಬಳ್ಳಾರಿ

ಫಿನ್ ಆರ್ಡರ್ ಮಾಡೋ ಮುಂಚೆ ಒಂದು ಅಳತೆ ತಗೊಳ್ಳಿ ಸರ್. ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ.

ದೋಣಿಗೆ ಪೂರ್ತಿ ಗಾಳಿ ತುಂಬಿ, ಸಾಮಾನು ಪೆಟ್ಟಿಗೆ, ಲಂಗರು ಎಲ್ಲ ಇಟ್ಟು, ನೀರಿಗೆ ಬಿಟ್ಟು ಸೀಟಿನಲ್ಲಿ ಕೂತ್ಕೊಳ್ಳಿ. ಮೀನು ಹಿಡಿಯೋವಾಗ ಹಾಕೋ ಬೂಟೇ ಕಾಲಲ್ಲಿರಲಿ. ಕಾಲು ಸಡಿಲ ಬಿಡಿ. ನೀರು ಎಲ್ಲಿಗೆ ಮುಟ್ಟುತ್ತೋ ಅಲ್ಲಿ ಪ್ಯಾಂಟಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೀರಿ. ಅಂಗಾಲಿಂದ ಆ ಗೆರೆಗೆ ಎಷ್ಟು ಸೆಂಟಿಮೀಟರ್ ಅಂತ ಬರೆದಿಟ್ಕೊಳ್ಳಿ.

ಯಾಕೆ ಅಂದ್ರೆ, ಪಾಂಟೂನ್ ದೋಣಿಯಲ್ಲಿ ಸೀಟು ನೀರಿಂದ ಮೇಲಿರುತ್ತೆ. ದೊಡ್ಡವರ ಮೊಣಕಾಲಿಂದ ಅಂಗಾಲಿಗೆ 45ರಿಂದ 50 ಸೆಂ.ಮೀ. ಸೀಟಿನ ಅಂಚು ನೀರಿಂದ 30 ಸೆಂ.ಮೀ. ಮೇಲಿದ್ರೆ ನೀರೊಳಗೆ ಇಳಿಯೋದು ಬರೀ 15-20 ಸೆಂ.ಮೀ., ಅಂದ್ರೆ ಅಂಗಾಲಿಂದ ಮೇಲಕ್ಕೆ ಒಂದು ಗೇಣಿಗೂ ಕಡಿಮೆ. ಸ್ಕೂಬಾದವರು ಪೂರ್ತಿ ನೀರೊಳಗೆ ಮಲಗಿ ಸೊಂಟದಿಂದ ಒದೀತಾರೆ, ಇಡೀ ಬ್ಲೇಡು (ಫಿನ್ನಿನ ಅಗಲ ಹಲಗೆ ಭಾಗ) ಸದಾ ನೀರಲ್ಲೇ ಇರುತ್ತೆ. ಇಲ್ಲಿ ತೊಡೆ ಸೀಟಿನ ಮೇಲೆ ಕೂತಿರುತ್ತೆ, ಅಲ್ಲಾಡೋದು ಮೊಣಕಾಲಿಂದ ಕೆಳಗೆ ಮಾತ್ರ. ಕಾಲು ಮುಂದಕ್ಕೆ ಚಾಚಿದಾಗ ಪಾದ ಮೇಲೆ ಬರುತ್ತೆ. ಎರಡು ಅಡಿ ಫಿನ್ ಹಾಕಿದ್ರೆ ಆ ಹೊತ್ತಿಗೆ ಅದರ ತುದಿ ನೀರಿಂದ ಹೊರಗೆ ಬಂದು ಚಪ್ ಅಂತ ಬಡಿಯುತ್ತೆ. ಬಲ ಕೊಡಬೇಕಾದ ಭಾಗವೇ ಗಾಳಿಯಲ್ಲಿ ಹೋಯ್ತು. ಆಳ ಇಲ್ಲದ ಕಡೆ ಜಿಲೇಬಿ, ಕೊರಮೀನು ಆ ಸದ್ದಿಗೆ ನಿಲ್ಲಲ್ಲ.

ಇನ್ನೊಂದು ಲೆಕ್ಕ ಮೊಣಕಾಲಿಂದು. ನೀರಿನ ಒತ್ತಡ ಕೀಲಿಂದ ಎಷ್ಟು ದೂರ ಬೀಳುತ್ತೋ ಕೀಲಿಗೆ ಅಷ್ಟು ತಿರುಚು ಜಾಸ್ತಿ. ಅದೇ ಒತ್ತಡ ಎರಡರಷ್ಟು ದೂರಕ್ಕೆ ಹೋದ್ರೆ ತಿರುಚೂ ಎರಡರಷ್ಟು. ಈಜುವವರಿಗೆ ಆ ಭಾರ ಸೊಂಟಕ್ಕೂ ಹಂಚಿಹೋಗುತ್ತೆ, ಕೂತವರಿಗೆ ಹಂಚಿಕೊಳ್ಳೋಕೆ ಯಾರೂ ಇಲ್ಲ, ಎಲ್ಲಾ ಮೊಣಕಾಲು ಮತ್ತು ಪಾದದ ಕೀಲಿನ ಮೇಲೇ. ನೋವಿರೋ ಕಾಲಿಗೆ ಉದ್ದ ಫಿನ್ ಬೇಡವೇ ಬೇಡ.

ನನ್ನ ಲೆಕ್ಕ ಹೀಗೆ. ಗೆರೆ 20 ಸೆಂ.ಮೀ.ಗಿಂತ ಕೆಳಗಿದ್ರೆ ಹಿಮ್ಮಡಿಯಿಂದ ತುದಿಗೆ 35-45 ಸೆಂ.ಮೀ. ಇರೋ ಗಿಡ್ಡ, ಅಗಲ, ಗಟ್ಟಿ ಫಿನ್. 30 ದಾಟಿದ್ರೆ ಉದ್ದದ್ದೂ ನಡೆಯುತ್ತೆ. ನಡುವೆ ಬಂದ್ರೆ ಮೊದಲು ಸೀಟು ಇಳಿಸೋಕಾಗುತ್ತಾ ನೋಡಿ. ಕೆಲವು ಫ್ರೇಮಿನಲ್ಲಿ ಸೀಟಿನ ಕಂಬಿಗೆ ಎರಡು ಮೂರು ತೂತು ಇರುತ್ತೆ, ಒಂದು ತೂತು ಇಳಿಸಿದ್ರೆ ಕಾಲು ಅಷ್ಟು ಆಳಕ್ಕೆ ಹೋಗುತ್ತೆ. ಹೊಸ ಫಿನ್ನಿಗೆ ಕೊಡೋ ದುಡ್ಡಿಗಿಂತ ಇದರಿಂದ ಬರೋ ಬಲ ದೊಡ್ಡದು.

ಬಲ ಹುಟ್ಟೋದು ಕಾಲನ್ನ ಮುಂದಕ್ಕೆ ಚಾಚಿದಾಗ. ಪಾದದ ಮೇಲ್ಭಾಗ ನೀರನ್ನ ಮುಂದಕ್ಕೆ ದೂಡುತ್ತೆ, ದೋಣಿ ಬೆನ್ನಿನ ಕಡೆ ಹೋಗುತ್ತೆ. ಅದಕ್ಕೇ ಈ ಕೆಲಸಕ್ಕೆ ಮಾಡಿದ ಫಿನ್‌ಗಳ ಬ್ಲೇಡು ಅಗಲವಾಗಿರುತ್ತೆ. ಫೋರ್ಸ್ ಫಿನ್ ಅನ್ನೋದು ಪಾಲಿಯುರೆಥೇನ್‌ದು, ವಿ ಆಕಾರ, ತುದಿ ಮೇಲಕ್ಕೆ ಬಾಗಿರುತ್ತೆ, ಚಾಚಿದಾಗ ಗಟ್ಟಿ ನಿಲ್ಲುತ್ತೆ, ಮಡಿಸಿದಾಗ ಸಡಿಲ ಬಿಡುತ್ತೆ. ಕ್ಯಾಡಿಸ್, ಔಟ್‌ಕ್ಯಾಸ್ಟ್‌ನಂಥ ಕಂಪನಿಗಳದ್ದು ಬೂಟಿನ ಮೇಲೆ ಪಟ್ಟಿ ಬಿಗಿಯೋ ಥರದ್ದು. ಇವೆಲ್ಲ ಹೊರದೇಶದಿಂದ ತರಿಸಬೇಕು.

ಅಷ್ಟು ಬೇಡ ಅಂದ್ರೆ ದಾರಿ ಇದೆ. ಹಿಮ್ಮಡಿ ತೆರೆದಿರೋ, ಒಂದೇ ಬ್ಲೇಡಿನ, ಸಾಧಾರಣ ಬೆಲೆಯ ಸ್ಕೂಬಾ ಫಿನ್ ತಗೊಂಡು ಹಿಮ್ಮಡಿಯಿಂದ 45 ಸೆಂ.ಮೀ. ಉಳಿಯೋ ಹಾಗೆ ತುದಿ ಕತ್ತರಿಸಿ. ಪ್ಲಾಸ್ಟಿಕ್ ಬ್ಲೇಡಿಗೆ ಹ್ಯಾಕ್ಸಾ ಸಾಕು. ತುದಿಯಲ್ಲೇ ಬ್ಲೇಡು ಮೆತ್ತಗಿರುತ್ತೆ, ಅದು ಹೋದ್ರೆ ಉಳಿಯೋದು ಗಟ್ಟಿ ಭಾಗ, ನಮಗೆ ಬೇಕಾಗಿರೋದೂ ಅದೇ. ಎರಡನ್ನೂ ಒಂದರ ಮೇಲೊಂದು ಇಟ್ಟು ಗುರುತು ಹಾಕಿ, ಇಲ್ಲಾಂದ್ರೆ ದೋಣಿ ಒಂದು ಕಡೆ ಎಳೆಯುತ್ತೆ. ಕತ್ತರಿಸಿದ ಅಂಚನ್ನ ಮೊದಲು ಅರ, ಆಮೇಲೆ 120 ನಂಬರಿನ ಉಪ್ಪುಕಾಗದ ಹಾಕಿ ಬೆರಳಿಗೆ ತಾಗದ ಹಾಗೆ ದುಂಡಗೆ ಮಾಡಿ. ಹರಿತ ಅಂಚು ಟ್ಯೂಬಿಗೆ ಉಜ್ಜಿದ್ರೆ ಅದರ ಗತಿ ಗೊತ್ತಲ್ಲ.

ಕೊಳ್ಳೋವಾಗ ಗಟ್ಟಿತನ ನೋಡೋದು ಹೀಗೆ: ಪಾದ ಕೂರೋ ಭಾಗವನ್ನ ಮೇಜಿನ ಮೇಲೆ ಒತ್ತಿ ಹಿಡಿದು, ಬ್ಲೇಡು ಅಂಚಿಂದ ಹೊರಗಿರಲಿ. ಎರಡು ಬೆರಳಲ್ಲಿ ತುದಿ ಒತ್ತಿದ್ರೆ ನೇರ ಕೆಳಗೆ ಜೋತುಬಿದ್ರೆ ಅದು ಬೇಡ. ಅಂಗೈ ಹಾಕಿ ಒತ್ತಿದಾಗ ಬಾಗಿ, ಬಿಟ್ಟ ಕೂಡಲೇ ವಾಪಸ್ ಬರಬೇಕು.

ಎರಡು ಥರದ್ದು ಮುಟ್ಟಬೇಡಿ. ಹಿಮ್ಮಡಿ ಮುಚ್ಚಿರೋ ಈಜುಕೊಳದ ಫಿನ್, ಅದಕ್ಕೆ ಬೂಟು ಹಿಡಿಸಲ್ಲ. ಬಾಡಿಬೋರ್ಡ್ ಫಿನ್ (ಸಮುದ್ರದ ಅಲೆ ಮೇಲೆ ಹಲಗೆಯಲ್ಲಿ ಜಾರೋರದ್ದು) ಗಿಡ್ಡ, ಗಟ್ಟಿ, ನೋಡೋಕೆ ನಮ್ಮ ಕೆಲಸದ್ದೇ ಅನ್ಸುತ್ತೆ, ಆದ್ರೆ ಅದರ ಪಾದದ ಜಾಗ ಬರಿಗಾಲಿಗೆ ಮಾಡಿದ್ದು.

ಕೃಷ್ಣಾತೀರ ರಾಯಚೂರು

ಬಳ್ಳಾರಿ ಸರ್ ಹೇಳಿದ್ದು ಪಾಂಟೂನ್‌ಗೆ ಸರಿ ಅದ. ಆದ್ರ ಉದ್ದ ಫಿನ್ನೇ ತಪ್ಪು ಅಂತ ಓದುವವರು ತಿಳ್ಕೋಬಾರದು. ಯು ಆಕಾರದ ಗಾಳಿ ಟ್ಯೂಬ್ ಇರ್ತದಲ್ಲ, ಕುಂತ್ರ ನೀರು ತೊಡೆತನಕ ಬರೋದು, ಅದಕ್ಕ ಉದ್ದ ಫಿನ್ ಚಲೋ. ಕಾಲು ಪೂರ್ತಿ ನೀರಾಗ ಇರ್ತದ, ಸೊಂಟದಿಂದ ಒದಿಬಹುದು. ನಡುವ ಸೀಳಿರೋ ಬ್ಲೇಡು ಅಲ್ಲಿ ಮೊಣಕಾಲಿಗೆ ಹಗುರ, ಸಣ್ಣ ಸಣ್ಣ ಒದೆತಕ್ಕ ಓಡ್ತದ. ಪಾಂಟೂನ್‌ದಾಗ ಅದೇ ಸೀಳು ಫಿನ್ ಸೋಲ್ತದ, ಯಾಕಂದ್ರ ಇಲ್ಲಿ ಒಂದು ಕಾಲು ತಡೆದು ಇನ್ನೊಂದರಿಂದ ಜೋರು ಒದ್ದು ದೋಣಿ ತಿರುಗಿಸಬೇಕು, ಸೀಳು ಬ್ಲೇಡು ಆ ಹೊತ್ತಿಗೆ ನೀರು ಬಿಟ್ಟುಬಿಡ್ತದ. ಮತ್ತ ಸೀಳಿನಾಗ ಅಂತರಗಂಗೆ ಬೇರು, ಗಾಳದ ದಾರ ಸಿಗಬೀಳ್ತಾವ.

ಇನ್ನೊಂದು ಅಳತಿ ಬಿಟ್ಟುಹೋಗೇದ. ಎರಡು ಟ್ಯೂಬಿನ ನಡುವಿನ ಅಂತರ ನೋಡ್ರಿ. ಬ್ಲೇಡು ಒಂದೊಂದು 20-23 ಸೆಂ.ಮೀ. ಅಗಲ ಅಂದ್ರ ಎರಡಕ್ಕ 46, ನಡುವ, ಬಾಜೂಕ ಜಾಗ ಸೇರಿ 60 ಸೆಂ.ಮೀ. ಬೇಕು. ಕಡಿಮಿ ಇದ್ರ ಒಂದು ಫಿನ್ ಇನ್ನೊಂದರ ಮ್ಯಾಲ ಏರ್ತದ. ಹುಟ್ಟು ಹಾಕೋವಾಗ ಫಿನ್ ಸಮೇತ ಕಾಲು ಎತ್ತಿ ಮುಂದಿನ ಕಾಲಿಡೋ ಕಂಬಿ ಮ್ಯಾಲ ಇಡಬೇಕಾಗ್ತದ. ಉದ್ದ ಫಿನ್ ಆ ಕಂಬಿಗೆ ಕೆಳಗಿಂದ ಸಿಗಬಿದ್ರ ಕಾಲು ಮ್ಯಾಲ ಬರಂಗಿಲ್ಲ. ಇದನ್ನ ದಂಡಿ ಹತ್ರನೇ, ಮೊಣಕಾಲುದ್ದ ನೀರಾಗ ನೋಡ್ಕೊಂಡ್ರ ಒಳ್ಳೇದು.

ಈಗ ಗಟ್ಟಿ ಹೇಳಬೇಕಾದ ಮಾತು. ಈ ಪ್ರಶ್ನೆ ನೋಡಿ ರಾಯಚೂರು ಕಡೆ ಯಾರರ ಕೃಷ್ಣಾ ಹೊಳಿಗೆ ಕಾಲು ಬಿಟ್ಟು ಕುಂದ್ರೋ ದೋಣಿ ಇಳಿಸಬ್ಯಾಡ್ರಿ. ಕೃಷ್ಣಾದಾಗ ಮೊಸಳಿ ಅವ, ತುಂಗಭದ್ರಾದಾಗೂ ಡ್ಯಾಂ ಕೆಳಗ ಅವ. ನೀರಾಗ ಅಲ್ಲಾಡೋ ಕಾಲು ಅಂದ್ರ ಅದಕ್ಕ ಏನು ಕಾಣ್ತದ ಅಂತ ಬಿಡಿಸಿ ಹೇಳೋದು ಬ್ಯಾಡ. ಮ್ಯಾಲ ನಾರಾಯಣಪುರ ಡ್ಯಾಂದಿಂದ ನೀರು ಬಿಟ್ರ ಹೊಳಿ ಮಟ್ಟ ಏರ್ತದ, ಆ ಸೆಳವಿಗೆ ಫಿನ್ ಅನ್ನೋದು ಏನೂ ಅಲ್ಲ. ಎಡದಂಡಿ, ಬಲದಂಡಿ ಕಾಲುವೆ ಅಂತೂ ಕೇಳಲೇಬ್ಯಾಡ್ರಿ, ಜಾರೋ ಇಳಿಜಾರು ಬದು, ಹತ್ತಾಕ ಆಸರೆ ಇಲ್ಲ. ತುಂಗಭದ್ರಾ ಡ್ಯಾಂ ಕೆಳಗ ಕಂಪ್ಲಿತನಕ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ 2015ರಾಗ ಘೋಷಣೆ ಆಗೇದ, ಅದು ಮೊದಲೇ ಗಾಳ ಹಾಕೋ ಜಾಗ ಅಲ್ಲ. ಹಿನ್ನೀರಿಗೂ ಇಳಿಯೋ ಮುಂಚೆ ಆ ದಂಡಿ ಮೀನುಗಾರರಿಗೆ ಕೇಳ್ರಿ, ಮೊಸಳಿ ಕಂಡ ಜಾಗ ಅವರಿಗೆ ಗೊತ್ತಿರ್ತದ. ಕಂಡದ ಅಂದ್ರ ಆ ಕಡೆ ಕಾಲು ಬಿಡಬ್ಯಾಡ್ರಿ.

ಹಿನ್ನೀರು ಕೊಪ್ಪಳ

ಭಾಳ ಉಪಕಾರ ಆತ್ರಿ ಇಬ್ಬರಿಗೂ. ಅಳತಿ ತಗೊಂಡೆ: ಅಂಗಾಲಿಂದ ನೀರಿನ ಗೆರಿಗೆ 17 ಸೆಂ.ಮೀ. ಸೀಟಿಗೆ ತೂತು ಇಲ್ಲ, ಇಳಿಸಾಕ ಬರಂಗಿಲ್ಲ. ಟ್ಯೂಬಿನ ನಡುವ 62. ಅಂದ್ರ ಗಿಡ್ಡ ಫಿನ್ನ ಸೈ. ಮೊಸಳಿ ವಿಚಾರಕ್ಕ ದಂಡಿ ಮೀನುಗಾರರನ್ನ ಕೇಳೀನಿ, ಈ ಭಾಗದಾಗ ಕಂಡಿಲ್ಲ ಅಂದಾರ.

ಇನ್ನ ಬೂಟಿನ ವಿಚಾರ. ದಂಡಿ ತುಂಬ ಕಪ್ಪು ರಾಡಿ, ಕಾಲು ಇಟ್ರ ಮೀನಖಂಡಮಟ ಹೋಗತೈತಿ. ಫಿನ್ ಎಲ್ಲಿ ಹಾಕ್ಕೊಬೇಕು, ಹೆಂಗ ಇಳೀಬೇಕು?

ಎರೆಮಣ್ಣು ಗಂಗಾವತಿ

ಈ ರಾಡಿ ವಿಚಾರಕ್ಕೇ ಬರೀತಿದೀನಿ ಅಣ್ಣಾ, ಫಿನ್ ಕಳೆದುಹೋಗೋದು ನೀರಲ್ಲಿ ಅಲ್ಲ, ದಂಡೆಯಲ್ಲಿ.

ಫಿನ್ ಹಾಕ್ಕೊಂಡು ರಾಡಿಯಲ್ಲಿ ಕಾಲಿಟ್ರೆ ಅಗಲ ಬ್ಲೇಡಿನ ಕೆಳಗೆ ಗಾಳಿ ಹೋಗಲ್ಲ. ಎತ್ತಿದ್ರೆ ಕೆಸರು ಕಚ್ಚಿ ಹಿಡಿಯುತ್ತೆ, ಪಟ್ಟಿ ಹಿಮ್ಮಡಿಯಿಂದ ಜಾರುತ್ತೆ, ಇಲ್ಲಾ ಬಕಲ್ ಮುರಿಯುತ್ತೆ. ಆದ್ದರಿಂದ ದಂಡೆಯಲ್ಲಿ ಫಿನ್ ಹಾಕಲೇಬೇಡಿ. ಬರೀ ಬೂಟಲ್ಲಿ ದೋಣಿಯನ್ನ ಮೊಣಕಾಲುದ್ದ ನೀರಿಗೆ ಎಳೆದು, ಸೀಟಿಗೆ ಬೆನ್ನು ಕೊಟ್ಟು ಕೂತು, ಹುಟ್ಟು ಹಾಕಿ ಸೊಂಟದುದ್ದ ನೀರಿಗೆ ಬನ್ನಿ. ಅಲ್ಲಿ ಒಂದು ಕಾಲನ್ನ ಇನ್ನೊಂದರ ತೊಡೆ ಮೇಲೆ ಹಾಕಿ ಫಿನ್ ಏರಿಸಿ. ಬೂಟಿನ ಕೆಸರನ್ನ ಅದಕ್ಕೂ ಮುಂಚೆ ನೀರಲ್ಲಿ ಅಲ್ಲಾಡಿಸಿ ತೊಳೀರಿ, ಕೆಸರು ಮೆತ್ತಿದ ಬೂಟು ಫಿನ್ನಿನ ಪಾದ ಕೂರೋ ಪಾಕೆಟ್ಟಿನಲ್ಲಿ ಅರ್ಧಕ್ಕೇ ನಿಲ್ಲುತ್ತೆ, ಆಮೇಲೆ ಒದ್ದಾಗ ಕಳಚುತ್ತೆ. ವಾಪಸ್ ಬರೋವಾಗ ಇದೇ ಕ್ರಮ ಉಲ್ಟಾ: ಆಳದಲ್ಲೇ ಫಿನ್ ಬಿಚ್ಚಿ ಹಿಂದೆ ಕಟ್ಟಿ, ಹುಟ್ಟು ಹಾಕಿ ದಂಡೆಗೆ. ಕಲ್ಲುಮರಳಿನ ಗಟ್ಟಿ ನೆಲ ಇರೋ ಕಡೆ ಫಿನ್ ಹಾಕಿ ನಡೆಯಲೇಬೇಕಾದ್ರೆ ಹಿಂದು ಹಿಂದಕ್ಕೆ ನಡೀರಿ, ಮುಂದಕ್ಕೆ ನಡೆದ್ರೆ ತುದಿ ಮಡಚಿ ಮುಗ್ಗರಿಸ್ತೀರಿ.

ಬೂಟು ಅಂದ್ರೆ ಗಟ್ಟಿ ತಳದ ನಿಯೋಪ್ರೀನ್ (ಸ್ಪಂಜಿನಂಥ ರಬ್ಬರ್) ಬೂಟು. ನಮ್ಮ ನೀರು ಬೆಚ್ಚಗಿರುತ್ತೆ, 3 ಮಿ.ಮೀ. ದಪ್ಪ ಸಾಕು, ಚಳಿ ದೇಶದವರ ಥರ ಎದೆಮಟ್ಟದ ವೇಡರ್ (ನೀರು ಒಳಗೆ ಬಿಡದ ಉಡುಪು) ಬೇಡ. ತಳ ಮಾತ್ರ ಗಟ್ಟಿ ಇರಲೇಬೇಕು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹಿನ್ನೀರಿನ ಬಯಲಲ್ಲಿ ಬಳ್ಳಾರಿ ಜಾಲಿ ಎದ್ದಿರುತ್ತೆ, ಜುಲೈ-ಆಗಸ್ಟ್‌ನಲ್ಲಿ ಡ್ಯಾಂ ತುಂಬ್ತಾ ಬಂದಾಗ ಅದು ಮುಳುಗುತ್ತೆ. ಮೇಲಿಂದ ನೋಡಿದ್ರೆ ಬರೀ ನೀರು, ಒಂದಡಿ ಕೆಳಗೆ ಮುಳ್ಳು. ಆ ಮುಳ್ಳು ಮೆತ್ತನೆ ತಳವನ್ನ ಸೀದಾ ದಾಟುತ್ತೆ, ಟ್ಯೂಬನ್ನೂ ಬಿಡಲ್ಲ. ನೀರು ಏರ್ತಿರೋ ತಿಂಗಳಲ್ಲಿ ದಂಡೆಗೆ ಅಂಟಿಕೊಂಡು ಹೋಗಬೇಡಿ. ನೀರು ಇಳಿದಿದ್ದಾಗ ಬಯಲು ಸುತ್ತಿ ಜಾಲಿ ಪೊದೆ ಎಲ್ಲಿದೆ ಅಂತ ಮೊಬೈಲಲ್ಲಿ ಗುರುತು ಹಾಕಿಟ್ಟುಕೊಂಡ್ರೆ ಇಡೀ ವರ್ಷಕ್ಕೆ ಬರುತ್ತೆ. ಟ್ಯೂಬಿನ ತೇಪೆ, ಅಂಟು, ಕೈಪಂಪು ದೋಣಿಯಲ್ಲೇ ಇರಲಿ.

ಅಳತೆ ಬೂಟು ಹಾಕ್ಕೊಂಡೇ ನೋಡಬೇಕು. ಬರಿಗಾಲಿನ ನಂಬರಿಗೆ ಫಿನ್ ತರಿಸಿದ್ರೆ ಬೂಟು ಹೋಗಲ್ಲ, ಸಾಮಾನ್ಯವಾಗಿ ಒಂದೆರಡು ನಂಬರು ಮೇಲೆ ಬೇಕಾಗುತ್ತೆ. ಬೂಟಿನ ಉದ್ದ, ಬೆರಳಿನ ಬುಡದ ಹತ್ತಿರ ಅಗಲ, ಎರಡನ್ನೂ ಸೆಂ.ಮೀ.ನಲ್ಲಿ ಅಳೆದು ಮಾರೋರ ಪಟ್ಟಿಗೆ ಹೋಲಿಸಿ. ಹಾಕಿ ನೋಡಿದಾಗ ಹಿಮ್ಮಡಿ ಪಾಕೆಟ್ಟಿಂದ ಎರಡು ಮೂರು ಸೆಂ.ಮೀ. ಹೊರಗಿದ್ರೆ ಪರವಾಗಿಲ್ಲ. ಪಾದದ ಮೇಲ್ಭಾಗ ಒತ್ತಬಾರದು, ಅಲ್ಲಿ ಒತ್ತಿದ್ರೆ ಅರ್ಧ ಗಂಟೆಯಲ್ಲಿ ಬೆರಳು ಜೋಮು ಹಿಡಿಯುತ್ತೆ. ಕಾಲು ಎತ್ತಿ ಬ್ಲೇಡಿನ ತುದಿ ಹಿಡಿದು ಎಡಕ್ಕೆ ಬಲಕ್ಕೆ ತಿರುವಿ. ಬೂಟಿನ ಜೊತೆ ಫಿನ್ ತಿರುಗಬೇಕು, ಫಿನ್ ಒಂದೇ ತಿರುಗಿದ್ರೆ ಸಡಿಲ.

ಮೀನುಗಾರರ ಬಲೆ ಮರೀಬೇಡಿ. ಥರ್ಮಕೋಲ್ ತುಂಡು, ಖಾಲಿ ಬಾಟಲಿ ಸಾಲಾಗಿ ತೇಲ್ತಿದ್ರೆ ಕೆಳಗೆ ನಿಲ್ಲಿಸಿದ ಬಲೆ ಇದೆ ಅಂತಲೇ ಅರ್ಥ. ಫಿನ್ ಒದೆತ ದೋಣಿಯನ್ನ ಬೆನ್ನು ಹಿಂದಕ್ಕೆ ಒಯ್ಯುತ್ತೆ, ಕಣ್ಣು ಮುಂದಿರುತ್ತೆ, ಬಲೆ ಹಿಂದಿರುತ್ತೆ. ಹತ್ತು ಒದೆತಕ್ಕೊಮ್ಮೆ ತಿರುಗಿ ನೋಡೋ ಅಭ್ಯಾಸ ಮಾಡ್ಕೊಳ್ಳಿ. ಬಲೆ ಕಣ್ಣಿಗೆ ಮೊದಲು ಸಿಗೋದು ಬಕಲ್ಲು ಮತ್ತು ಪಟ್ಟಿಯ ಉಳಿಕೆ ತುದಿ. ಆ ತುದಿಯನ್ನ ಒಳಮುಖ ಮಾಡಿ ಬಕಲ್ ಸಮೇತ ಇನ್ಸುಲೇಶನ್ ಟೇಪ್ ಸುತ್ತಿ. ಸಿಕ್ಕಿಹಾಕ್ಕೊಂಡ್ರೆ ಎಳೀಬೇಡಿ, ಒದೀಬೇಡಿ, ಪಾದ ಬಿಡಿಸಿಕೊಂಡು ಫಿನ್ ಮಾತ್ರ ಬಲೆಯಲ್ಲಿ ಬಿಟ್ಟು ಆಮೇಲೆ ಕೈಯಿಂದ ಬಿಡಿಸಿ. ಬಲೆ ಕತ್ತರಿಸೋದು ಜೀವಕ್ಕೆ ಬಂದಾಗ ಮಾತ್ರ, ಅದು ಇನ್ನೊಬ್ಬರ ಅನ್ನ. ಚಿಕ್ಕ ಚಾಕು ಲೈಫ್ ಜಾಕೆಟ್ಟಿನ ಎದೆಗೆ ಇರಲಿ, ಪೆಟ್ಟಿಗೆಯಲ್ಲಿ ಇಟ್ರೆ ಕೈಗೆ ಸಿಗಲ್ಲ.

ಗಾಳದಾರ ಬಳ್ಳಾರಿ

ಮೂರನೇ ಪ್ರಶ್ನೆ ಉಳಿದಿದೆ. ಇಲ್ಲ ಸರ್, ಬರೀ ಫಿನ್ನನ್ನ ನಂಬಿ ಹೋಗಬೇಡಿ. ನೀರು ಸುಮ್ಮನಿದ್ದಾಗ ಫಿನ್‌ನಿಂದ ಗಂಟೆಗೆ ಒಂದೂವರೆ, ಎರಡು ಕಿ.ಮೀ. ಹೋಗಬಹುದು, ಅಷ್ಟೇ. ಪಾಂಟೂನ್ ನೀರಿನ ಮೇಲೆ ಎತ್ತರಕ್ಕೆ ನಿಂತಿರುತ್ತೆ, ಟ್ಯೂಬು, ಸೀಟು, ನಿಮ್ಮ ಮೈ ಎಲ್ಲಾ ಗಾಳಿಗೆ ಪಟ. ತುಂಗಭದ್ರಾ ತುಂಬಿದಾಗ 378 ಚದರ ಕಿ.ಮೀ. ನೀರು, ತಡೆ ಇಲ್ಲದೆ ಗಾಳಿ ಓಡುತ್ತೆ, ಅಲೆ ಏಳುತ್ತೆ. ಮುಂಗಾರು ಗಾಳಿಯ ಜೂನ್‌ನಿಂದ ಆಗಸ್ಟ್‌ವರೆಗೆ ಬಯಲು ನೀರಿಗೆ ಹೋಗಲೇಬೇಡಿ. ಉಳಿದ ತಿಂಗಳಲ್ಲಿ ಬೆಳಗಿನ ಜಾವ ಇಳಿದು, ಗಾಳಿ ಏಳೋ ಹೊತ್ತಿಗೆ ದಂಡೆ ಸೇರಿ. ದೂರ ಹೋಗಿಬರೋಕೆ ಹುಟ್ಟು, ಇದ್ದಲ್ಲಿ ನಿಲ್ಲೋಕೆ, ತಿರುಗೋಕೆ ಫಿನ್.

ನಿಲ್ಲೋ ವಿಧಾನವನ್ನ ಸರಿಯಾಗಿ ಹಿಡಿದ್ರೆ ಮೊಣಕಾಲಿಗೂ ಸುಖ. ಗಾಳಿಗೆ ಬೆನ್ನು ಮಾಡಿ ಕೂತ್ಕೊಳ್ಳಿ. ಗಾಳಿ ಮುಂದಕ್ಕೆ ತಳ್ಳುತ್ತೆ, ಫಿನ್ ಹಿಂದಕ್ಕೆ ಎಳೆಯುತ್ತೆ, ಎರಡೂ ಸಮ ಆದ್ರೆ ದೋಣಿ ಅಲ್ಲೇ. ದಾರವೂ ಗಾಳಿ ಜೊತೆ ಮುಂದೆ ದೂರ ಹೋಗುತ್ತೆ. ದಂಡೆಯ ಒಂದು ಮರ, ಅದರ ಹಿಂದೆ ಒಂದು ಗುಡ್ಡ, ಎರಡನ್ನೂ ಒಂದೇ ಗೆರೆಯಲ್ಲಿ ಇಟ್ಟುಕೊಂಡು ನೋಡಿದ್ರೆ ಜಾರ್ತಿದೀವಾ ಇಲ್ಲವಾ ತಕ್ಷಣ ತಿಳಿಯುತ್ತೆ. ಒದೆತ ನಿಧಾನ, ಒಂದೊಂದೇ ಕಾಲು, ಮೊಣಕಾಲು ಪೂರ್ತಿ ನೆಟ್ಟಗೆ ಮಾಡದೆ. ಹೆಬ್ಬೆರಳು ಆಕಾಶದ ಕಡೆ ಇರಲಿ. ಈಜುವವರ ಥರ ಪಾದ ಚೂಪು ಮಾಡಿದ್ರೆ ಮೀನಖಂಡ ಸೆಳೆತ ಹಿಡಿಯುತ್ತೆ. ಸೆಳೆತ ಬಂದ್ರೆ ಫಿನ್ ತುದಿ ಕೈಯಲ್ಲಿ ಹಿಡಿದು ಮೈ ಕಡೆ ಎಳೀರಿ, ಬಿಡುತ್ತೆ. ದೊಡ್ಡ ಕಟ್ಲಾ ಬಿದ್ದು ದೋಣಿ ಕೆಳಗೆ ಓಡಿದ್ರೆ ಒದೆಯೋದು ನಿಲ್ಲಿಸಿ ಕಾಲೆರಡೂ ಕಂಬಿ ಮೇಲೆ, ಇಲ್ಲಾಂದ್ರೆ ದಾರ ಫಿನ್ನಿಗೆ ಸುತ್ತಿ ಮೀನೂ ಹೋಗುತ್ತೆ, ದಾರವೂ ಹೋಗುತ್ತೆ.

ಹಿನ್ನೀರು ಕೊಪ್ಪಳ

ಕಡೀ ಪ್ರಶ್ನೆ ಸರ. ಫಿನ್ ಕಳಚಿ ಮುಳುಗಿದ್ರ? ಕಾಲಿಗೆ ಹಗ್ಗ ಕಟ್ಟೋದು ಸರಿನೋ ತಪ್ಪೋ?

ಎರೆಮಣ್ಣು ಗಂಗಾವತಿ

ಮೊದಲು ಮನೆಯಲ್ಲಿ ತೊಟ್ಟಿಗೆ ಹಾಕಿ ನೋಡಿ. ಪೂರ್ತಿ ರಬ್ಬರಿನದು ಹೆಚ್ಚಾಗಿ ಮುಳುಗುತ್ತೆ, ಪ್ಲಾಸ್ಟಿಕ್ ಬ್ಲೇಡಿನವು ಕೆಲವು ತೇಲ್ತವೆ, ಕೆಲವು ನಿಧಾನಕ್ಕೆ ಇಳೀತವೆ. ಮುಳುಗೋದಾದ್ರೆ ಹಗ್ಗ ಬೇಕು. 3 ಮಿ.ಮೀ. ನೈಲಾನ್ ದಾರ, 30-40 ಸೆಂ.ಮೀ. ಸಾಕು. ಒಂದು ತುದಿ ಫಿನ್ನಿನ ಬಕಲ್ ಹತ್ತಿರದ ತೂತಿಗೆ, ಇನ್ನೊಂದು ಬೂಟಿನ ಮೇಲೆ ಸುತ್ತೋ ವೆಲ್ಕ್ರೋ ಪಟ್ಟಿಗೆ. ಕಾಲಿಗೆ ನೇರವಾಗಿ ಗಂಟು ಹಾಕಬೇಡಿ. ಫಿನ್ ಬಲೆಗೋ ಜಾಲಿ ಬೊಡ್ಡೆಗೋ ಸಿಕ್ಕಿದ್ರೆ ವೆಲ್ಕ್ರೋ ಒಂದು ಎಳೆತಕ್ಕೆ ಬಿಡುತ್ತೆ, ಗಂಟು ಬಿಡಲ್ಲ. ದಾರ ಇದಕ್ಕಿಂತ ಉದ್ದ ಇದ್ರೆ ಅದೇ ಬ್ಲೇಡಿಗೆ ಸುತ್ತಿಕೊಳ್ಳುತ್ತೆ. ಲೈಫ್ ಜಾಕೆಟ್ ಅಂತೂ ಮೈಮೇಲೆ, ಬಕಲ್ ಹಾಕಿಯೇ ಇರಬೇಕು. ತೇಲೋ ಫಿನ್ ಹಾಕಿ ನೀರಿಗೆ ಬಿದ್ರೆ ಅದು ಕಾಲನ್ನ ಮೇಲಕ್ಕೆ ಎತ್ತುತ್ತೆ, ತಲೆ ಮೇಲಿರೋದು ಜಾಕೆಟ್ಟಿಂದಲೇ.

ಪಟ್ಟಿ ವಿಚಾರಕ್ಕೆ, ಒಂದು ಜೋಡಿ ಹೆಚ್ಚಿಗೆ ತಗೊಂಡಿಟ್ಟಿರಿ. ನಮ್ಮ ಬಿಸಿಲಿಗೆ ರಬ್ಬರ್ ಪಟ್ಟಿ ಬಕಲ್ ಒಳಗೆ ಮಡಚೋ ಜಾಗದಲ್ಲೇ ಮೊದಲು ಬಿರಿಯುತ್ತೆ, ಹೊರಗಿಂದ ಕಾಣಲ್ಲ. ಪಟ್ಟಿ ಪೂರ್ತಿ ಹೊರಗೆ ಎಳೆದು ಬಾಗಿಸಿ ನೋಡಿ, ಸಣ್ಣ ಸಣ್ಣ ಗೀರು ಕಂಡ್ರೆ ಬದಲಾಯಿಸಿ. ಸ್ಟೀಲ್ ಸ್ಪ್ರಿಂಗ್ ಪಟ್ಟಿ ನಿಮ್ಮ ಫಿನ್ನಿಗೆ ಹೊಂದೋದಾದ್ರೆ ಅದು ಬಕಲ್ ಗೊಡವೆಯೇ ಇಲ್ಲದೆ ಬಾಳುತ್ತೆ. ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ತೊಳೆದು, ಬಕಲ್ಲಿನ ಹಲ್ಲಿನಲ್ಲಿ ಕೂತ ಎರೆಮಣ್ಣನ್ನ ಹಳೇ ಹಲ್ಲುಜ್ಜೋ ಬ್ರಷ್ಷಿಂದ ತೆಗೀರಿ. ಒಣಗಿದ್ರೆ ಅದು ಸಿಮೆಂಟ್ ಥರ ಗಟ್ಟಿಯಾಗಿ ಹಲ್ಲು ಪಟ್ಟಿಯನ್ನ ಅರ್ಧವೇ ಕಚ್ಚುತ್ತೆ. ನೆರಳಲ್ಲಿ ಚಪ್ಪಟೆ ಮಲಗಿಸಿ ಒಣಗಿಸಿ. ಗೋಡೆಗೆ ಬ್ಲೇಡಿನ ತುದಿ ಊರಿ ನಿಲ್ಲಿಸಬೇಡಿ, ಕಾರಿನ ಡಿಕ್ಕಿಯಲ್ಲಿ ಸಾಮಾನಿನ ಕೆಳಗೂ ಬೇಡ, ಆ ಕಾವಿಗೆ ಬ್ಲೇಡು ಸೊಟ್ಟಗಾದ್ರೆ ಮತ್ತೆ ನೆಟ್ಟಗಾಗಲ್ಲ.